ಅಬಾರ್ಷನ್ ಕೆಲಸಕ್ಕೆ ಮನಸ್ಸು ಒಪ್ಪದಿದ್ದರೆ ಬ್ರಿಟನ್‌ನಲ್ಲಿ ಮಿಡ್‌ವೈಫ್ ಆಗಿ ಇರಬಹುದೇ?

ಸ್ಕಾಟ್ಲೆಂಡ್‌ನಲ್ಲಿ ಕೆಲಸ ಸಿಕ್ಕಿದೆ, ಅಬಾರ್ಷನ್‌ಗೆ ಕೈ ಹಾಕಲು ಮನಸ್ಸು ಬರಲ್ಲ, ಒಲ್ಲೆ ಅಂದರೆ ಕೆಲಸ ಹೋಗುತ್ತಾ ಎಂದು ಕೇಳಿದ್ದೀರಿ. ಹೋಗಲ್ಲ. ನಾನು ಒಂಬತ್ತು ವರ್ಷದಿಂದ ಇಲ್ಲಿನ ಲೇಬರ್ ವಾರ್ಡಿನಲ್ಲಿದ್ದೇನೆ. ಒಲ್ಲೆ ಅನ್ನುವವರೂ ನಮ್ಮ ಜೊತೆಗಿದ್ದಾರೆ. ಆದರೆ ಎಲ್ಲದಕ್ಕೂ ಒಲ್ಲೆ ಅನ್ನಲು ಆಗುವುದಿಲ್ಲ.

ಇಲ್ಲಿನ 1967ರ ಗರ್ಭಪಾತ ಕಾಯ್ದೆಯ 4ನೇ ಸೆಕ್ಷನ್ ಒಲ್ಲೆ ಅನ್ನುವ ಹಕ್ಕು ಕೊಡುತ್ತದೆ. ಊರಲ್ಲಿ ಡಾಕ್ಟರು ಹೇಳಿದರು, ನಾವು ಮಾಡಿದೆವು, ಅಷ್ಟೇ ಇತ್ತು ಅಲ್ವಾ? ಇಲ್ಲಿ ನಿಮ್ಮನ್ನೂ ಕೇಳುತ್ತಾರೆ.

ಗೆರೆ ಎಲ್ಲಿದೆ ಅನ್ನುವುದು ಗೊತ್ತಾಗಿದ್ದು ಗ್ಲಾಸ್ಗೋದ ಇಬ್ಬರು ಕ್ಯಾಥೊಲಿಕ್ ಮಿಡ್‌ವೈಫ್‌ಗಳ ಕೇಸಿನಿಂದ. ಇಬ್ಬರೂ ವಾರ್ಡ್ ನಡೆಸುತ್ತಿದ್ದ ಹಿರಿಯರು. ಅಬಾರ್ಷನ್ ತಾವು ಮಾಡುವುದಿಲ್ಲ ಎಂದಷ್ಟೇ ಅಲ್ಲ, ಅದಕ್ಕೆ ಬೇರೆಯವರನ್ನು ಹಾಕುವುದೂ ಇಲ್ಲ, ಅವರ ಮೇಲ್ವಿಚಾರಣೆಯೂ ಮಾಡುವುದಿಲ್ಲ ಎಂದರು. 2013ರಲ್ಲಿ ಎಡಿನ್‌ಬರೋದ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ತೀರ್ಪು ಬರೆದವರು ಲೇಡಿ ಹೇಲ್. ಅದರ ಪ್ರಕಾರ, ಹೆರಿಗೆ ನೋವು ಬರಿಸುವ ಔಷಧಿ ಕೊಡುವುದರಿಂದ ಹಿಡಿದು ಮಗು, ಮಾಸು ಹೊರಬರುವ ತನಕ ಸ್ವತಃ ನಿಂತು ಮಾಡುವ ಕೆಲಸಕ್ಕೆ ಒಲ್ಲೆ ಅನ್ನಬಹುದು. ಫೋನ್ ಎತ್ತುವುದು, ಡ್ಯೂಟಿ ಹಂಚುವುದು, ಆಮೇಲಿನ ಆರೈಕೆ ಇವೆಲ್ಲ ಅದರಲ್ಲಿ ಸೇರಲ್ಲ. ಔಷಧಿ ತಂದಿಡುವುದಕ್ಕೂ ಒಲ್ಲೆ ಅನ್ನುವಂತಿಲ್ಲ! ಓದಿದಾಗ ನನಗೆ ನಗು ಬಂತು. ಮನಸ್ಸಾಕ್ಷಿಯನ್ನು ಔಷಧಿ ಕಪಾಟಿನಿಂದ ಹಾಸಿಗೆಯವರೆಗೆ ಅಳತೆ ಹಾಕಿದ ಹಾಗಿದೆ. ಆದರೂ ವಾರ್ಡ್ ನಡೆಯಬೇಕಾದರೆ ಬೇರೆ ದಾರಿ ನನಗೂ ತೋಚಲಿಲ್ಲ.

ತಾಯಿಯ ಜೀವಕ್ಕೆ ಕುತ್ತು ಬಂದಾಗ, ಅಥವಾ ಅವಳ ಆರೋಗ್ಯಕ್ಕೆ ಸರಿಪಡಿಸಲಾಗದ ದೊಡ್ಡ ಹಾನಿ ಆಗುವ ಹಾಗಿದ್ದಾಗ, ಒಲ್ಲೆ ಅನ್ನುವ ಹಕ್ಕು ಇರುವುದಿಲ್ಲ.

ಇನ್ನೊಂದು ಮಾತು. ಲೇಬರ್ ವಾರ್ಡಿಗೆ ಬರುವ ಅಬಾರ್ಷನ್‌ಗಳಲ್ಲಿ ನಾನು ಕಂಡದ್ದು ಜಾಸ್ತಿ ಬೇಕೆಂದೇ ಹೊತ್ತ ಬಸುರು. ಸ್ಕ್ಯಾನಿನಲ್ಲಿ ಮಗುವಿಗೆ ದೊಡ್ಡ ತೊಂದರೆ ಕಂಡಿರುತ್ತದೆ. ಕೆಲವರು ಮಗುವಿಗೆ ಹೆಸರೂ ಇಟ್ಟಿರುತ್ತಾರೆ. ನನ್ನ ಜೊತೆಯವಳೊಬ್ಬಳು ಆ ಔಷಧಿ ಮುಟ್ಟುವುದಿಲ್ಲ. ಆದರೆ ಹೆರಿಗೆಯಾದ ಮೇಲೆ ಆ ರೂಮಿಗೆ ಚಹಾ ಒಯ್ದು, ಪಕ್ಕದಲ್ಲಿ ಕೂತು ಬರುತ್ತಾಳೆ. ನಾನು ಔಷಧಿ ಕೊಡುತ್ತೇನೆ. ನಾವಿಬ್ಬರೂ ಇದರ ಬಗ್ಗೆ ಇವತ್ತಿನವರೆಗೂ ಜಗಳ ಆಡಿಲ್ಲ.

ನೀವು ಸೇರಿದ ತಕ್ಷಣ ಮ್ಯಾನೇಜರ್‌ಗೆ ಹೇಳಿಬಿಡಿ. ಬೇರೆಯವರು ಬಂದು ವಹಿಸಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು ಅಂತ ನಮ್ಮ ನರ್ಸಿಂಗ್ ಕೌನ್ಸಿಲ್‌ನ ನಿಯಮವೇ ಇದೆ. ರಾತ್ರಿ ಎರಡು ಗಂಟೆಗೆ, ಇರುವ ಮೂವರಲ್ಲಿ ನೀವೊಬ್ಬರು ಇದ್ದಾಗ ಬಾಯಿ ಬಿಟ್ಟರೆ ಎಲ್ಲರಿಗೂ ಕಷ್ಟ.