ಕಣ್ಣು ಮುಚ್ಚಿದರೆ ಬೈಕ್ ಕಂತು

ಪ್ರಶ್ನೆ: ನನಗೆ 28 ವರ್ಷ. ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದೆ. ಕೆಲಸ ಹೋಗಿ 5 ತಿಂಗಳಾಯಿತು. ರಾತ್ರಿ ನಿದ್ದೆಯಿಲ್ಲ, ಎದೆ ಡವಡವ ಅನ್ನುತ್ತದೆ. ಎಲ್ಲರೂ ಧ್ಯಾನ ಮಾಡು ಅಂತಾರೆ. ಕಣ್ಣು ಮುಚ್ಚಿದರೆ ಬೈಕ್ ಕಂತೇ ಕಾಣುತ್ತದೆ. ಏನು ಮಾಡಲಿ ಮೇಡಂ?
– ಹೆಸರು ಬೇಡ, ಕೋಲಾರ ತಾಲ್ಲೂಕು

ಉತ್ತರ: ಧ್ಯಾನ ಆಗಲಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಕಣ್ಣು ಮುಚ್ಚಿ ಕೂತರೆ ಕಳವಳ ಜಾಸ್ತಿ ಆಗುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬಳು. ಪಾಠ ಮಾಡುತ್ತಿದ್ದ ಶಾಲೆ ಮುಚ್ಚಿ 11 ತಿಂಗಳು ಮನೆಯಲ್ಲಿದ್ದಾಗ, ಪದ್ಮಾಸನ ಹಾಕಿದರೆ ಸಾಕು, ಕಿವಿಯಲ್ಲಿ ನಮ್ಮತ್ತೆ ಮಾತು.

ನೀವು ಮನಸ್ಸನ್ನು ಬಿಟ್ಟು ಮೈಯಿಂದ ಶುರು ಮಾಡಿ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು 100 ವರ್ಷದ ಹಿಂದೆ ತೋರಿಸಿದ ದಾರಿ ಇದು. ಚಾಪೆ ಮೇಲೆ ಮಲಗಿಕೊಳ್ಳಿ. ಕಣ್ಣು ತೆರೆದೇ ಇರಲಿ. ರಶ್ ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ ಬಲಗೈ ಮುಷ್ಟಿ ಬಿಗಿ ಮಾಡಿ, 5 ಎಣಿಸಿ, ತಟ್ಟನೆ ಬಿಡಿ. ಆಗ ಬೆರಳು ಸಡಿಲವಾಗಿ ಭಾರ ಅನಿಸುತ್ತದಲ್ವಾ, ಅದನ್ನೇ 15–20 ಸೆಕೆಂಡ್ ಸುಮ್ನೆ ಗಮನಿಸಿ. ಆಮೇಲೆ ಎಡಗೈ, ಭುಜ, ದವಡೆ, ಹೊಟ್ಟೆ, ತೊಡೆ, ಪಾದ. ನೋವಿರುವ ಜಾಗ ಬಿಟ್ಟುಬಿಡಿ. ದವಡೆ ಮಾತ್ರ ಮರೆಯಬೇಡಿ. ನನ್ನ ಚಿಂತೆಯೆಲ್ಲ ಅಲ್ಲೇ ಕೂತಿತ್ತು. ಮುದ್ದೆ ಊಟ ಆದ್ದರಿಂದ ಅಗಿಯುವ ಕಷ್ಟ ತಪ್ಪಿತು, ಅಷ್ಟೇ!

ಎದೆ ಹೊಡೆದುಕೊಂಡಾಗ 4 ಎಣಿಸುತ್ತಾ ಉಸಿರು ಎಳೆದು, 6 ಎಣಿಸುತ್ತಾ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಅದಕ್ಕೇ ಬಿಡುವುದು ಉದ್ದ ಇರಬೇಕು.

ಹಗಲೆಲ್ಲ ಅದೇ ಚಾಪೆ ಮೇಲಿದ್ದರೆ ಇದೂ ನಡೆಯಲ್ಲ. 1930ರ ಸುಮಾರಿಗೆ ಆಸ್ಟ್ರಿಯಾದ ಮಾರಿಯೆಂಥಾಲ್ ಎಂಬ ಊರಲ್ಲಿ ಬಟ್ಟೆ ಗಿರಣಿ ಮುಚ್ಚಿ ಜನ ಕೆಲಸ ಕಳೆದುಕೊಂಡರು. ಜನಕ್ಕೆ ಬೇಕಾದಷ್ಟು ಬಿಡುವಿತ್ತು. ಆದರೆ ಲೈಬ್ರರಿಯಿಂದ ಪುಸ್ತಕ ತರುವುದೇ ಕಮ್ಮಿಯಾಯಿತು, ಗಂಡಸರ ನಡಿಗೆ ಕೂಡ ನಿಧಾನವಾಯಿತು. ನೀವು ಬೆಳಿಗ್ಗೆ ಆರೂವರೆಗೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿನ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂತಿರಿ. ಕೈಯಲ್ಲಿ ಬಾಳೆಹಣ್ಣು ಮಾತ್ರ ಬೇಡ, ಕೋತಿಗಳಿವೆ.

ಇದರಿಂದ ಸಾಲ ತೀರಲ್ಲ, ನನಗೂ ಗೊತ್ತು. ಕಂತಿನ ಲೆಕ್ಕವನ್ನು ಹಗಲು 11 ಗಂಟೆಗೆ ಇಟ್ಟುಕೊಳ್ಳಿ. ಸಾಲ ಕೊಟ್ಟವರ ಹತ್ತಿರ ಹೋಗಿ ಗಡುವು ಕೇಳಿ. 2 ವಾರವಾದರೂ ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನಿಸಿದರೆ 2 ವಾರ ಕಾಯಬೇಡಿ. ಆ ಕ್ಷಣವೇ ಅಮ್ಮನನ್ನು ಎಬ್ಬಿಸಿ, ಮಧ್ಯರಾತ್ರಿಯಾದರೂ ಅದೇ ನಂಬರ್ ಒತ್ತಿ.