ಕೇಳುವ ಕಿವಿ ಮೊದಲು, ಕೂಗುವ ಬಾಯಿ ಆಮೇಲೆ

ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಟ್ಯಾಕ್ಸಿಯವರು, ಕಾರ್ಖಾನೆಯವರು, ಸೆಕ್ಯೂರಿಟಿಯವರು ಬಳಸಿ ಮೂಲೆಗೆ ಹಾಕಿದ ಹಳೇ ವೈರ್‌ಲೆಸ್ ಸೆಟ್‌ಗಳಿಂದ ಹ್ಯಾಮ್‌ಗಳು (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ರಿಪೀಟರ್ ಕಟ್ಟಿಕೊಳ್ಳಬಹುದು ಅಂತ. ಅಷ್ಟೇ. ಅದಕ್ಕೆ ಬಂದ ಕಾಗದಗಳನ್ನು ನೋಡಿದರೆ, ಬೆಂಗಳೂರಿನ ಅಟ್ಟಗಳ ಮೇಲೆ ಇಷ್ಟೊಂದು ಸೆಟ್ ಕೂತಿವೆಯಾ ಅನ್ನಿಸಿತು. ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ. ಮಿಕ್ಸಿ ರಿಪೇರಿ ಕೇಳಿದವರು ಮುಂದಿನ ತಿಂಗಳವರೆಗೆ ಒರಳಿನಲ್ಲೇ ರುಬ್ಬಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ರಿಪೀಟರ್ ಎಂದರೆ ಎತ್ತರದಲ್ಲಿ ಕೂತ ಪೆಟ್ಟಿಗೆ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಜಯನಗರದಲ್ಲಿ ಕೈಯಲ್ಲಿ ಹಿಡಿದ ಸಣ್ಣ ಸೆಟ್ಟಿನ ಮಾತು ಯಲಹಂಕಕ್ಕೆ ಮುಟ್ಟುವುದು ಹೀಗೆ.

ಪ್ರಶ್ನೆ: ಸರ್, ನನಗೆ ಹ್ಯಾಮ್ ಲೈಸೆನ್ಸ್ ಇದೆ. ಮುಚ್ಚಿದ ಟ್ಯಾಕ್ಸಿ ಕಂಪನಿಯೊಂದರ ಎರಡು ಮೊಟೊರೋಲಾ ಜಿಎಂ300 ಸೆಟ್‌ಗಳು ಇನ್ನೊಬ್ಬ ಹ್ಯಾಮ್ ಮೂಲಕ ಸಿಕ್ಕಿವೆ. ಒಂದರ ಸ್ಪೀಕರ್ ಇನ್ನೊಂದರ ಮೈಕಿಗೆ ಕೊಟ್ಟರೆ ರಿಪೀಟರ್ ಆಯಿತು ಅಲ್ವಾ? (ವಿಜಯನಗರದ ಓದುಗರು)

ಉತ್ತರ: ಆಗುತ್ತದೆ, ಮೇಜಿನ ಮೇಲೆ. ತಾರಸಿಗೆ ಹೋದ ದಿನ ಕೈಕೊಡುತ್ತದೆ.

ಮೊದಲು ಸೆಟ್ಟಿನ ಬೆನ್ನ ಮೇಲಿನ ಮಾಡೆಲ್ ನಂಬರ್ ನೋಡಿ. ವಿಎಚ್‌ಎಫ್ ಜಿಎಂ300ರಲ್ಲಿ ಎರಡು ಬಗೆ ಇವೆ. ಒಂದು 136ರಿಂದ 162 ಮೆಗಾಹರ್ಟ್ಸ್, ಇನ್ನೊಂದು 146ರಿಂದ 174. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವುದು 144ರಿಂದ 146, ಇದನ್ನೇ 2 ಮೀಟರ್ ಬ್ಯಾಂಡ್ ಅನ್ನುತ್ತಾರೆ. ಮೊದಲನೆಯದು ಸಿಕ್ಕಿದ್ದರೆ ಬೆಲ್ಲ ಹಂಚಿ. ಎರಡನೆಯದಾದರೆ ಸಾಫ್ಟ್‌ವೇರ್ 145.650 ಅಂತ ಬರೆದರೆ ಒಪ್ಪುವುದೇ ಇಲ್ಲ. ಅದನ್ನು ಪುಸಲಾಯಿಸಿ ಒಪ್ಪಿಸುವವರಿದ್ದಾರೆ. ಆದರೂ ಒಳಗೆ ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರ್ ಅಷ್ಟು ಕೆಳಗೆ ಲಾಕ್ ಆಗುತ್ತದೆ, ಅಂದರೆ ಅಲುಗದೆ ನಿಲ್ಲುತ್ತದೆ ಅಂತ ಗ್ಯಾರಂಟಿ ಇಲ್ಲ. ಬೇಸಿಗೆಯಲ್ಲಿ ಲಾಕ್ ಆಗಿ, ಡಿಸೆಂಬರ್ ಬೆಳಗಿನ ಚಳಿಗೆ ಬಿಟ್ಟುಹೋದ ಸೆಟ್ ನನ್ನ ಬೆಂಚಿನ ಮೇಲೆಯೇ ಬಂದಿತ್ತು.

ಇನ್ನು ತಂತಿ. ಸೆಟ್ಟಿನ ಹಿಂದೆ 16 ಪಿನ್ನಿನ ಕನೆಕ್ಟರ್ ಇದೆ. ರಿಪೀಟರ್ ಕೆಲಸಕ್ಕೆ ಬೇಕಾದದ್ದೆಲ್ಲ ಅಲ್ಲೇ ಇದೆ, ಮುಚ್ಚಳ ಬಿಚ್ಚಿ ಕುಯ್ಯುವ ಅಗತ್ಯ ಕಡಿಮೆ. 2ನೇ ಪಿನ್ ಮೈಕ್ ಆಡಿಯೋ, 3 ಪಿಟಿಟಿ (ಮಾತಾಡಲು ಒತ್ತುವ ಗುಂಡಿ), 5 ಫ್ಲಾಟ್ ಆಡಿಯೋ (ಏರಿಳಿಕೆ ಮಾಡದ ಸದ್ದು) ಒಳಕ್ಕೆ, 7 ಗ್ರೌಂಡ್, 11 ರಿಸೀವರ್ ಆಡಿಯೋ ಹೊರಕ್ಕೆ. ಸಿಗ್ನಲ್ ಬಂದಿದೆ ಅಂತ ಹೇಳುವ ಕೆಲಸವನ್ನು ಪ್ರೋಗ್ರಾಂ ಮಾಡುವಾಗ 8ಕ್ಕೆ ಒಪ್ಪಿಸಬಹುದು. 15 ಮತ್ತು 16ರ ನಡುವೆ ಒಂದು ಜಂಪರ್ ಇರುತ್ತದೆ. ಅದನ್ನು ಕಿತ್ತರೆ ಸೆಟ್ಟಿನ ಒಳಗಿನ ಸ್ಪೀಕರ್ ಮೂಕ. ಸ್ಪೀಕರ್ ಹೋಯಿತು ಅಂತ ಸೆಟ್ ಹೊತ್ತುಕೊಂಡು ಬಂದವರಿಗೆ ಆ ಜಂಪರ್ ಹಾಕಿ ಕಳಿಸಿದ್ದೇನೆ. ದುಡ್ಡು ತೆಗೆದುಕೊಂಡಿಲ್ಲ, ಕಾಫಿ ಮಾತ್ರ.

ಸ್ಪೀಕರಿನಿಂದ ಮೈಕಿಗೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಈ ಸೆಟ್‌ಗಳು ಕಳಿಸುವಾಗ ಮಾತಿನ ಕೀರಲು ಭಾಗವನ್ನು ಎತ್ತಿ ಕಳಿಸುತ್ತವೆ, ಕೇಳುವಾಗ ಅಷ್ಟನ್ನೇ ಇಳಿಸುತ್ತವೆ. ಎತ್ತಿದ್ದು ಇಳಿಯಬೇಕು, ಇಳಿದದ್ದು ಮತ್ತೆ ಎತ್ತಬೇಕು. ಲೆಕ್ಕ ತಪ್ಪಿದರೆ ಮಾತು ತಗಡಿನ ಡಬ್ಬದಿಂದ ಬಂದ ಹಾಗೆ ಇರುತ್ತದೆ, ಇಲ್ಲವೇ ಕಂಬಳಿ ಹೊದ್ದು ಮಾತಾಡಿದ ಹಾಗೆ. ಸ್ಪೀಕರಿನಿಂದ ಮೈಕಿಗೆ ಕೊಟ್ಟಾಗ ಈ ಲೆಕ್ಕವೇನೋ ಸರಿಹೋಗುತ್ತದೆ. ಆದರೆ ಯಾರಾದರೂ ವಾಲ್ಯೂಮ್ ಗುಂಡಿ ತಿರುಗಿಸಿದರೆ ಇಡೀ ಊರಿಗೆ ಕಿರುಚಾಟ. 11ನೇ ಪಿನ್ನಿನಿಂದ ತೆಗೆದುಕೊಳ್ಳಿ. ಆ ಪಿನ್ ಇಳಿಸಿದ ಆಡಿಯೋ ಕೊಡಬೇಕೋ ಇಳಿಸದ್ದೋ ಅನ್ನುವುದಕ್ಕೆ ಒಳಗೆ ಒಂದು ಜಂಪರ್ ಇದೆ. ಇಳಿಸದ್ದು ಬಂದರೆ 5ಕ್ಕೆ, ಇಳಿಸಿದ್ದು ಬಂದರೆ 2ಕ್ಕೆ. ಇದನ್ನು ಅದಲುಬದಲು ಮಾಡಬೇಡಿ.

ಪವರ್ ವಿಷಯ. ಕಾರಿನಲ್ಲಿ ಇಡುವ ಸೆಟ್ ಒಂದು ನಿಮಿಷ ಮಾತಾಡಿ ನಾಲ್ಕು ನಿಮಿಷ ಸುಮ್ನೆ ಕೂರುವುದಕ್ಕೆ ಮಾಡಿದ್ದು. ರಿಪೀಟರ್‌ಗೆ ಆ ಬಿಡುವಿಲ್ಲ. ಭಾನುವಾರ ಬೆಳಗಿನ ನೆಟ್‌ನಲ್ಲಿ (ಹ್ಯಾಮ್‌ಗಳ ರೇಡಿಯೋ ಕೂಟದಲ್ಲಿ) ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ. ಹಾಗಾಗಿ 25 ವ್ಯಾಟಿನ ಸೆಟ್ಟನ್ನು 10ಕ್ಕೆ ಇಳಿಸಿ. ಹಿಂದಿನ ಹೀಟ್‌ಸಿಂಕಿಗೆ ಹಳೇ ಕಂಪ್ಯೂಟರಿನ ಫ್ಯಾನ್ ಕಟ್ಟಿ. 25ರಿಂದ 10ಕ್ಕೆ ಇಳಿದರೆ ಕಡಿಮೆಯಾಗುವುದು 4 ಡಿಬಿ (ಡೆಸಿಬೆಲ್, ಶಕ್ತಿಯ ಅನುಪಾತದ ಅಳತೆ) ಮಾತ್ರ, ಕೇಳುವವರಿಗೆ ಅದು ಗೊತ್ತಾಗುವುದೇ ಕಷ್ಟ. ಸೆಟ್ಟಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಡುವೆ ಒಂದು ಕಂಟ್ರೋಲರ್ ಬೇಕು. ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು. ಮೋರ್ಸ್‌ನಲ್ಲಿ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಕೊಡುವ ಗುರುತಿನ ಹೆಸರು) ಹೇಳಬೇಕು, ಯಾರಾದರೂ ಪಿಟಿಟಿ ಮೇಲೆ ಕೂತುಬಿಟ್ಟರೆ ಮೂರು ನಿಮಿಷಕ್ಕೆ ಬಾಯಿ ಮುಚ್ಚಿಸಬೇಕು. ಇದನ್ನು ನಿಮ್ಮ ಮನೆಯ ಹುಡುಗರೇ ಬರೆದುಕೊಡುತ್ತಾರೆ, ನಾನು ಹೇಳಬೇಕಿಲ್ಲ.

ಪ್ರಶ್ನೆ: ಎಸ್‌ಪಿ ರೋಡಿನಲ್ಲಿ ಪುಸ್ತಕದಷ್ಟು ಚಿಕ್ಕ ಡುಪ್ಲೆಕ್ಸರ್ ಅಗ್ಗಕ್ಕೆ ಸಿಕ್ಕಿತು. ಒಂದೇ ಆಂಟೆನಾದಲ್ಲಿ ಕಳಿಸುವುದು, ಕೇಳುವುದು ಎರಡೂ ಕೆಲಸ ಆಗುತ್ತದೆ ಅಂದರು. ಹಾಕಿದೆ. ರಿಪೀಟರ್ ಹತ್ತಿರದವರಿಗೆ ಮಾತ್ರ ಓಗೊಡುತ್ತದೆ, ದೂರದವರು ಅರ್ಧಕ್ಕೇ ಕತ್ತರಿಸಿ ಹೋಗುತ್ತಾರೆ. ಪವರ್ ಜಾಸ್ತಿ ಮಾಡಲೇ? (ಮಲ್ಲೇಶ್ವರದ ಓದುಗರು)

ಉತ್ತರ: ದಯವಿಟ್ಟು ಬೇಡ. ಪವರ್ ಏರಿಸಿದಷ್ಟೂ ಅದರ ಕಿವಿ ಇನ್ನಷ್ಟು ಕಿವುಡಾಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಒಳ್ಳೆಯ ರಿಸೀವರ್ 0.25 ಮೈಕ್ರೋವೋಲ್ಟ್ ಸಿಗ್ನಲ್ ಕೇಳಿಸಿಕೊಳ್ಳುತ್ತದೆ. ಪಕ್ಕದಲ್ಲೇ ಇರುವ ನಿಮ್ಮ ಟ್ರಾನ್ಸ್‌ಮಿಟರ್ 10 ವ್ಯಾಟ್. ಇವೆರಡರ ನಡುವಿನ ಅಂತರ ಎಷ್ಟು ಗೊತ್ತೇ? 8ರ ಮುಂದೆ 15 ಸೊನ್ನೆ ಹಾಕಿ, ಅಷ್ಟು ಪಟ್ಟು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನವರು ಕೂಗುತ್ತಿರುವಾಗ, ಅವರ ಪಕ್ಕದಲ್ಲೇ ನಿಂತು ಚಾಮರಾಜಪೇಟೆಯಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳಿ ಅಂದ ಹಾಗೆ. ಕೂಗಿಗೂ ಪಿಸುಮಾತಿಗೂ ನಡುವೆ 2 ಮೀಟರ್ ಬ್ಯಾಂಡಿನಲ್ಲಿ ಇರುವ ಫ್ರೀಕ್ವೆನ್ಸಿ ಅಂತರ ಬರೀ 600 ಕಿಲೋಹರ್ಟ್ಸ್. ಡುಪ್ಲೆಕ್ಸರ್ ಆ ಕೂಗನ್ನು 80-90 ಡಿಬಿಯಷ್ಟು ತಡೆಯಬೇಕು.

ನಿಮಗೆ ಸಿಕ್ಕ ಪುಸ್ತಕದಂಥ ಡಬ್ಬಿ ಕೆಟ್ಟದ್ದೇನಲ್ಲ. ಅದನ್ನು ಮಾಡಿದ್ದೇ 5 ಮೆಗಾಹರ್ಟ್ಸ್ ಆಸುಪಾಸಿನ ಅಂತರ ಇಟ್ಟುಕೊಂಡ ಕಂಪನಿಗಳಿಗೆ. 600 ಕಿಲೋಹರ್ಟ್ಸ್‌ನಲ್ಲಿ ಅದರ ಕೈ ಸಾಗುವುದಿಲ್ಲ. ಯುಎಚ್‌ಎಫ್‌ಗೆ (ವಿಎಚ್‌ಎಫ್‌ಗಿಂತ ಮೇಲಿನ ಪಟ್ಟಿಗೆ) ಹೋಗುತ್ತೇನೆ ಅಂದರೆ ಅಲ್ಲೂ ನಮಗಿರುವುದು 434ರಿಂದ 438, ಒಟ್ಟು 4 ಮೆಗಾಹರ್ಟ್ಸ್. 5ರ ಅಂತರ ಅದರೊಳಗೆ ಹಿಡಿಸುವುದೇ ಇಲ್ಲ.

ಬೇಕಾಗಿರುವುದು ದೊಡ್ಡ ಕ್ಯಾವಿಟಿಗಳು, ಅಂದರೆ ಒಂದು ಫ್ರೀಕ್ವೆನ್ಸಿಯನ್ನು ದಾಟಿಸಿ ಇನ್ನೊಂದನ್ನು ತಡೆಯುವ ಟೊಳ್ಳು ಲೋಹದ ಡಬ್ಬಗಳು. ಆರು ಡಬ್ಬ, ಕಳಿಸುವ ಕಡೆ ಮೂರು, ಕೇಳುವ ಕಡೆ ಮೂರು. 145 ಮೆಗಾಹರ್ಟ್ಸ್‌ನ ಕಾಲು ಅಲೆ ಸುಮಾರು 52 ಸೆಂಟಿಮೀಟರ್, ಹಾಗಾಗಿ ಡಬ್ಬದ ಎತ್ತರವೂ ಸುಮಾರು ಅಷ್ಟಾಗುತ್ತದೆ. ಪೀಣ್ಯದಲ್ಲಿ ಲೇತ್ ಕೆಲಸದವರಿಗೆ ಅಲ್ಯೂಮಿನಿಯಂ ಪೈಪು, ಹಿತ್ತಾಳೆ ಸರಳು ಕೊಟ್ಟರೆ ಮಾಡಿಕೊಡುತ್ತಾರೆ. ಏನು ಸ್ವಾಮಿ, ಡಿಕಾಕ್ಷನ್ ಪಾತ್ರೆಯಾ ಅಂತ ಕೇಳುತ್ತಾರೆ, ಹೌದು ಅನ್ನಿ, ವಿವರಿಸುವುದಕ್ಕಿಂತ ಸುಲಭ. ಮೊಬೈಲ್ ಟವರಿನವರು ಬಿಟ್ಟ ಹೆಬ್ಬೆರಳಿಗಿಂತ ದಪ್ಪದ ಹೀಲಿಯಾಕ್ಸ್ ಕೇಬಲ್ ತುಂಡು ಸಿಕ್ಕರೆ ಅದರಲ್ಲೂ ಕ್ಯಾವಿಟಿ ಮಾಡುವವರಿದ್ದಾರೆ.

ಡಬ್ಬಗಳ ನಡುವಿನ ಕೇಬಲ್ ವಿಷಯದಲ್ಲಿ ನಾನೇ ಕೆಟ್ಟಿದ್ದೇನೆ. ನನ್ನ ಮೊದಲ ರಿಪೀಟರ್‌ಗೆ ಆರ್‌ಜಿ58 ಅನ್ನುವ ಒಂದೇ ಜಾಲರಿಯ ಕೇಬಲ್ ಹಾಕಿದ್ದೆ, ಮನೆಯಲ್ಲಿ ಬಿದ್ದಿತ್ತು ಅಂತ. ಎರಡು ವಾರ ಟ್ಯೂನ್ ಮಾಡಿದೆ. ಬೆಳಿಗ್ಗೆ ಸರಿ, ಸಂಜೆ ಕಿವುಡು. ಕೊನೆಗೊಂದು ದಿನ ಬೆವರಿದ ಕೈ ಕೇಬಲ್ಲಿಗೆ ತಗುಲಿ ಸ್ಕೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರನ್ನು ಮುಚ್ಚಿಡುವ ಬಾಗಿಲು) ಪಟ್ ಅಂತ ತೆರೆಯಿತು. ಕೇಬಲ್ಲಿನ ಜಾಲರಿಯ ಸಂದಿಯಿಂದಲೇ ಸಿಗ್ನಲ್ ಸೋರುತ್ತಿತ್ತು. ಡಬ್ಬ 90 ಡಿಬಿ ತಡೆದರೇನು, ಕೇಬಲ್ ಹಿಂಬಾಗಿಲು ತೆರೆದು ಕೂತಿತ್ತು. ಎರಡು ಜಾಲರಿಯ ಆರ್‌ಜಿ214 ಅಥವಾ ಆರ್‌ಜಿ400 ಹಾಕಿ. ದುಬಾರಿ, ಗೊತ್ತು. ಸೆಟ್‌ನಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಹಾಕಬೇಕು. ಎರಡು ಸೆಟ್ ಸಿಕ್ಕ ತಕ್ಷಣ ಮುಕ್ಕಾಲು ರಿಪೀಟರ್ ಆಯಿತು ಅಂದುಕೊಳ್ಳುತ್ತಾರೆ. ಆಗಿರುವುದು ಕಾಲು ಭಾಗ, ಮಿಕ್ಕ ಮುಕ್ಕಾಲು ಈ ಡಬ್ಬಗಳಲ್ಲಿದೆ.

ಪರೀಕ್ಷೆ ಮಾಡುವುದು ಸುಲಭ. ಗೆಳೆಯರೊಬ್ಬರನ್ನು ದೂರ ಕಳಿಸಿ, ರಿಪೀಟರ್‌ಗೆ ಗೊರಗೊರ ಅಂತ ಕೇಳುವಷ್ಟು ಕ್ಷೀಣವಾಗಿ ಮಾತಾಡಲು ಹೇಳಿ. ರಿಸೀವರಿನ ಸ್ಪೀಕರಿಗೆ ಕಿವಿಕೊಟ್ಟು ಟ್ರಾನ್ಸ್‌ಮಿಟರನ್ನು ಕೈಯಿಂದ ಹಾಕಿ, ಆರಿಸಿ. ಹಾಕಿದಾಗ ಗೊರಗೊರ ಜಾಸ್ತಿಯಾದರೆ ಕಿವಿ ಮುಚ್ಚುತ್ತಿದೆ. ವ್ಯತ್ಯಾಸವೇ ಇಲ್ಲದಿದ್ದರೆ ಆ ದಿನ ಊಟಕ್ಕೆ ಹೊರಗೆ ಹೋಗಿ.

ಪ್ರಶ್ನೆ: ಇಸ್ರೋದ ಹ್ಯಾಮ್‌ಸ್ಯಾಟ್ ಕೂಡ ರಿಪೀಟರ್ ತರಹವೇ ಇತ್ತು ಅಂತ ಓದಿದೆ. ಅಷ್ಟು ಚಿಕ್ಕ ಉಪಗ್ರಹದಲ್ಲಿ ನೀವು ಹೇಳುವ ಆಳುದ್ದದ ಡಬ್ಬಗಳನ್ನು ಎಲ್ಲಿ ಇಟ್ಟಿದ್ದರು? (ಯಲಹಂಕದ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಆಳುದ್ದ ಅಲ್ಲಮ್ಮ, ಮೊಳದುದ್ದ ಚಿಲ್ಲರೆ. ಆದರೆ ಪ್ರಶ್ನೆ ಬಹಳ ಚೆನ್ನಾಗಿದೆ.

ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹೋಯಿತು. ತೂಕ 42.5 ಕಿಲೋ. ಅದು ಕೇಳುತ್ತಿದ್ದದ್ದು 435 ಮೆಗಾಹರ್ಟ್ಸ್ ಹತ್ತಿರ, ಹೇಳುತ್ತಿದ್ದದ್ದು 145.9ರ ಸುತ್ತ. ನಡುವೆ 290 ಮೆಗಾಹರ್ಟ್ಸ್‌ನಷ್ಟು ಬಯಲು. ಇಷ್ಟು ದೂರ ಇದ್ದರೆ ಕೂಗಿನಿಂದ ಕಿವಿ ಕಾಪಾಡಲು ಸಣ್ಣ ಫಿಲ್ಟರ್ ಸಾಕು. ಕೂಗುವವರು ಮಾರ್ಕೆಟ್ಟಿನಲ್ಲಿ, ಕೇಳುವವರು ಮಾಗಡಿಯಲ್ಲಿ ಇದ್ದ ಹಾಗೆ. ಅದರಲ್ಲಿ ಎರಡು ಟ್ರಾನ್ಸ್‌ಪಾಂಡರ್ (ಕೇಳಿದ್ದನ್ನು ತಿರುಗಿ ಹೇಳುವ ಪೆಟ್ಟಿಗೆ) ಇದ್ದವು, ಒಂದು ನಮ್ಮದು, ಇನ್ನೊಂದು ನೆದರ್‌ಲೆಂಡ್ಸ್‌ನಿಂದ ಬಂದದ್ದು. 2014ರಲ್ಲಿ ಬ್ಯಾಟರಿ ಕೈಕೊಟ್ಟು ನಿಂತಿತು. ಒಂಬತ್ತು ವರ್ಷ ಬಾಳಿತು. ನಮ್ಮ ತಾರಸಿಯ ಯುಪಿಎಸ್ ಬ್ಯಾಟರಿ ಮೂರು ವರ್ಷ ಬಂದರೆ ಹೆಚ್ಚು.

ನಿಮ್ಮ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವುದಿದ್ದರೆ ಇದೇ ದಾರಿ ಹಿಡಿಯಿರಿ. ಒಂದು ಯುಎಚ್‌ಎಫ್ ಸೆಟ್, ಒಂದು ವಿಎಚ್‌ಎಫ್ ಸೆಟ್, ಪರೀಕ್ಷೆಗೆ ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲಿಗೆ ಹಾಕಿ ಶಕ್ತಿಯನ್ನು ನುಂಗಿಸುವ ಭಾಗ. ಕ್ಯಾವಿಟಿ ಬೇಡ. ಲೈಸೆನ್ಸ್ ಇರುವ ಮೇಷ್ಟ್ರು ಪಕ್ಕದಲ್ಲಿರಲಿ.

ಪ್ರಶ್ನೆ: ನಮ್ಮ ರಿಪೀಟರ್ ಮೂರು ತಿಂಗಳು ಚೆನ್ನಾಗಿತ್ತು. ಈಗ ಗಾಳಿ ಬೀಸಿದಾಗಲೆಲ್ಲ ಕರಕರ ಅನ್ನುತ್ತದೆ. ಕನೆಕ್ಟರ್ ಎಲ್ಲ ಬದಲಾಯಿಸಿದೆವು. (ಬಸವನಗುಡಿಯ ಓದುಗರು)

ಉತ್ತರ: ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿ ಇದೆಯಾ?

ನಗಬೇಡಿ. ರಾಜಾಜಿನಗರದ ನಮ್ಮ ಮನೆಯಲ್ಲಿ ಇದೇ ಕಾಯಿಲೆ ಬಂದಿತ್ತು. ಹಗಲೆಲ್ಲ ಕರಕರ, ರಾತ್ರಿ ನಿಶ್ಶಬ್ದ. ಕ್ಯಾವಿಟಿ ಬಿಚ್ಚಿದೆ, ಆಂಟೆನಾ ಇಳಿಸಿದೆ, ಪವರ್ ಸಪ್ಲೈ ಬದಲಿಸಿದೆ. ಒಂದು ಸಂಜೆ ತುಂತುರು ಶುರುವಾಯಿತು. ನಮ್ಮ ಮನೆಯವರು ಬಟ್ಟೆ ತೆಗೀರಿ ಅಂತ ಕೂಗಿದರು. ಜೇಬಿನಲ್ಲಿ ಹ್ಯಾಂಡ್‌ಸೆಟ್ ಇಟ್ಟುಕೊಂಡೇ ಓಡಿದೆ. ಸೀರೆ ಎಳೆದೆ, ಜೇಬು ಕರ್ ಅಂದಿತು. ಬಿಟ್ಟೆ, ಸುಮ್ಮನಾಯಿತು. ಮತ್ತೆ ಎಳೆದೆ, ಮತ್ತೆ ಕರ್. ಮಳೆಯಲ್ಲಿ ನಿಂತು ಒಂದೇ ಸೀರೆಯನ್ನು ಹತ್ತು ಸಲ ಎಳೆದು ಬಿಡುತ್ತಿದ್ದ ನನ್ನನ್ನು ನೋಡಿ ಪಕ್ಕದ ಮನೆಯವರು ಏನಂದುಕೊಂಡರೋ.

ತಂತಿಯೂ ಕೊಕ್ಕೆಯೂ ಸೇರುವಲ್ಲಿ ತುಕ್ಕು ಹಿಡಿದಿತ್ತು. ತುಕ್ಕಿನ ಸಂದು ಡಯೋಡ್ ಹಾಗೆ ವರ್ತಿಸುತ್ತದೆ. ಟ್ರಾನ್ಸ್‌ಮಿಟರಿನ ಶಕ್ತಿ ಅದರ ಮೇಲೆ ಬಿದ್ದಾಗ ಅಲ್ಲಿಂದ ಅಗಲವಾದ ಸದ್ದು ಹುಟ್ಟಿ ನಮ್ಮ ರಿಸೀವರಿಗೇ ಬರುತ್ತದೆ. ಬಟ್ಟೆ ಭಾರಕ್ಕೆ, ಗಾಳಿಗೆ ಸಂದು ಅಲುಗಾಡಿದಂತೆ ಸದ್ದೂ ಬದಲಾಗುತ್ತದೆ. ರಾತ್ರಿ ಬಟ್ಟೆ ಇರುವುದಿಲ್ಲ, ಹಾಗಾಗಿ ಮೌನ. ನೈಲಾನ್ ಹಗ್ಗ ಕಟ್ಟಿದೆ, ಹೋಯಿತು. ನಿಮ್ಮಲ್ಲಿ ತಂತಿ ಇಲ್ಲದಿದ್ದರೆ ಶೀಟಿನ ಚಾವಣಿಯ ಬೋಲ್ಟು, ಕೇಬಲ್ ಟಿವಿಯವರು ಬಿಟ್ಟುಹೋದ ಕಬ್ಬಿಣದ ಪೈಪು, ಡಿಶ್ ಆಂಟೆನಾದ ಕ್ಲಾಂಪು ನೋಡಿ. ಪ್ಲಾಸ್ಟಿಕ್ ಪೈಪಿನಲ್ಲಿ ಒಂದೊಂದನ್ನೂ ತಟ್ಟಿ, ಕರ್ ಅಂದದ್ದೇ ಕಳ್ಳ.

ಪ್ರಶ್ನೆ: ಲೈಸೆನ್ಸ್ ಇನ್ನೂ ಇಲ್ಲ. ಸೆಟ್ ಅಗ್ಗಕ್ಕೆ ಇದೆ, ಕೊಂಡಿಟ್ಟುಕೊಳ್ಳಲೇ? ನಂದಿಬೆಟ್ಟದ ಮೇಲೆ ಇಟ್ಟರೆ ಎಷ್ಟು ದೂರ ಮುಟ್ಟುತ್ತದೆ? (ಹೆಬ್ಬಾಳದ ಓದುಗರು)

ಉತ್ತರ: ಬೇಡ. ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು. ಪರೀಕ್ಷೆ ಕಷ್ಟವಿಲ್ಲ. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಇಲ್ಲ, 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಮ್ಮ ಊರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನವರು ಪಾಠವನ್ನೂ ಮಾಡುತ್ತಾರೆ. ರಿಪೀಟರ್‌ಗೆ ಮಾತ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಬೇರೆ ಅನುಮತಿ ಬೇಕು, ಆದ್ದರಿಂದ ಒಂದು ಕ್ಲಬ್ಬಿನ ಜೊತೆ ಸೇರಿ.

ನಂದಿಬೆಟ್ಟ 1478 ಮೀಟರ್, ಬೆಂಗಳೂರು ಸುಮಾರು 920, ಅಂದರೆ ಬೆಟ್ಟ ಊರಿಗಿಂತ ಸುಮಾರು 558 ಮೀಟರ್ ಮೇಲೆ. ಸುತ್ತಲಿನ ನೆಲದಿಂದ ಎಷ್ಟು ಮೀಟರ್ ಎತ್ತರವೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋದ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. ನಿಮ್ಮ 30 ಮೀಟರ್ ಅಪಾರ್ಟ್‌ಮೆಂಟಿಗೆ 22 ಕಿಲೋಮೀಟರ್ ಚಿಲ್ಲರೆ, ಬೆಟ್ಟಕ್ಕೆ 97 ಹತ್ತಿರ. ಬಾಯಲ್ಲಿ ನೀರೂರುತ್ತದೆ ಅಲ್ವಾ? ಆದರೆ ಎತ್ತರಕ್ಕೆ ಹೋದಷ್ಟೂ ಬೇರೆಯವರ ಸದ್ದೂ ಅಷ್ಟೇ ಚೆನ್ನಾಗಿ ಕೇಳುತ್ತದೆ. ಏಪ್ರಿಲ್-ಮೇ ಸಿಡಿಲಿಗೆ ಮೊದಲ ಗಿರಾಕಿಯೂ ನೀವೇ. ಮೊದಲ ರಿಪೀಟರ್ ತಾರಸಿಯಲ್ಲೇ ಇರಲಿ. ಕೆಟ್ಟಾಗ ಲುಂಗಿಯಲ್ಲೇ ಹತ್ತಿ ಹೋಗಬಹುದು.

ಪ್ರಶ್ನೆ: ಜಿಎಂ300 ಪ್ರೋಗ್ರಾಂ ಮಾಡಲು ಡಾಸ್ ಓಡುವ ಹಳೇ ಲ್ಯಾಪ್‌ಟಾಪ್ ಬೇಕಂತೆ. ನಿಮ್ಮಲ್ಲಿದ್ದರೆ ಎರಡು ದಿನಕ್ಕೆ ಕೊಡುತ್ತೀರಾ? (ಮತ್ತೊಬ್ಬ ವಿಜಯನಗರದವರು)

ಉತ್ತರ: ಬೇಕು, ನಿಜ. ಹೊಸ ಕಂಪ್ಯೂಟರಿನ ವೇಗಕ್ಕೆ ಆ ಸಾಫ್ಟ್‌ವೇರ್ ತಡಬಡಾಯಿಸುತ್ತದೆ. ಬರೆಯುವಾಗ ಅರ್ಧಕ್ಕೆ ನಿಂತರೆ ಸೆಟ್ಟಿನ ಮೆಮೊರಿಯೇ ಕೆಡಬಹುದು. ಸೀರಿಯಲ್ ಪೋರ್ಟು, ಸೆಟ್ಟಿಗೂ ಕಂಪ್ಯೂಟರಿಗೂ ನಡುವೆ ರಿಬ್ ಅನ್ನುವ ಸಣ್ಣ ಡಬ್ಬಿ, ಎರಡೂ ಬೇಕು. ನನ್ನ ಹತ್ತಿರ ಎಲ್ಲ ಇದೆ. ಕೊಡುವುದಿಲ್ಲ. ಹಿಂದೆ ಕೊಟ್ಟಾಗ ವಿಂಡೋಸ್ ಹಾಕಿ ವಾಪಸ್ ತಂದಿದ್ದರು, ಸ್ಪೀಡ್ ಕಡಿಮೆ ಇತ್ತು ಸರ್ ಅಂತ. ಲೈಸೆನ್ಸ್ ಮತ್ತು ಸೆಟ್ ತೆಗೆದುಕೊಂಡು ಶನಿವಾರ ಮಧ್ಯಾಹ್ನ ನೀವೇ ಬನ್ನಿ, ವಿಳಾಸ ಪತ್ರಿಕೆಯವರು ಕೊಡುತ್ತಾರೆ. ಮೂರೂವರೆಗೆ ಕರೆಂಟ್ ಹೋಗುತ್ತದೆ, ಅಷ್ಟರೊಳಗೆ.