ಉಪದೇಶ ಬಿಗಿಯುವ ಬರಹಕ್ಕೆ ಕನ್ನಡದಲ್ಲಿ ಏನನ್ನಬೇಕು?

ಕಥಾಸಂಕಲನವೊಂದಕ್ಕೆ ವಿಮರ್ಶೆ ಬರೆಯುತ್ತಿದ್ದೀರಿ. ಲೇಖಕರು ಪುಟಪುಟಕ್ಕೂ ಬುದ್ಧಿ ಹೇಳುತ್ತಾರೆ, ಅದಕ್ಕೊಂದು ಸರಿಯಾದ ಪದ ಬೇಕು ಅಂತ ಕೇಳಿದ್ದೀರಿ. ಮಾತಿಗಾದರೆ ನಮ್ಮಲ್ಲಿ ಪದಗಳು ಬೇಕಾದಷ್ಟಿವೆ. ಬರಹಕ್ಕೆ ಸ್ವಲ್ಪ ಹುಡುಕಬೇಕು.

ಉಪದೇಶ, ಬೋಧನೆ, ಪ್ರವಚನ, ಬುದ್ಧಿವಾದ ಇವು ಯಾವುವೂ ಕನ್ನಡದಲ್ಲಿ ಬೈಗುಳ ಅಲ್ಲ. 'ಅಜ್ಜ ಬುದ್ಧಿ ಹೇಳಿದರು' ಅಂದರೆ ಅದರಲ್ಲಿ ಗೌರವವೇ ಇದೆ. ಚುಚ್ಚುವ ಕೆಲಸ ಕ್ರಿಯಾಪದದ್ದು. 'ಉಪದೇಶ ಮಾಡಿದರು' ಅಂದರೆ ಏನೂ ಇಲ್ಲ, 'ಉಪದೇಶ ಬಿಗಿದರು' ಅಂದರೆ ಮರ್ಯಾದೆ ಹೋಯಿತು. ಭಾಷಣ ಬಿಗಿಯುವುದು, ಪುರಾಣ ಬಿಚ್ಚುವುದು, ತಲೆ ತಿನ್ನುವುದು, ಕೊರೆಯುವುದು. 'ಕೊರೆತ' ನನಗೆ ಬಹಳ ಇಷ್ಟದ ಪದ. ಆದರೆ ನೀತಿ ಇಲ್ಲದ ಉದ್ದ ಮಾತಿಗೂ ಅದನ್ನೇ ಹೇಳುತ್ತೇವೆ, ನಿಮ್ಮ ಕೆಲಸಕ್ಕೆ ಆಗಲಿಕ್ಕಿಲ್ಲ. ಕೇಳದೆ ಬಂದದ್ದಕ್ಕೆ 'ಬಿಟ್ಟಿ ಉಪದೇಶ' ಇದೆ. ತಾನು ಪಾಲಿಸದೆ ಊರಿಗೆಲ್ಲ ಹೇಳುವವರಿಗೆ 'ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ' ಅನ್ನುವ ಗಾದೆಯೇ ಇದೆ.

ನಾನಿರುವುದು ಕೊಡಗಿನ ಸಿದ್ದಾಪುರದ ಕಡೆ. ಇಲ್ಲಿ ಆನೆ ಕಾಟ ಜಾಸ್ತಿ. ಒಮ್ಮೆ ಸಭೆಯೊಂದಕ್ಕೆ ಹೊರಗಿನಿಂದ ಭಾಷಣಕಾರರೊಬ್ಬರು ಬಂದಿದ್ದರು. ಆನೆಗಳ ಜೊತೆ ಸಹಬಾಳ್ವೆ ಕಲಿಯಬೇಕು, ಮನುಷ್ಯ ದುರಾಸೆ ಬಿಡಬೇಕು, ಹೀಗೆ ಸಾಗಿತ್ತು ಮಾತು. ಹಿಂದಿನ ರಾತ್ರಿಯಷ್ಟೇ ಪಕ್ಕದ ತೋಟಕ್ಕೆ ಆನೆ ನುಗ್ಗಿ, ಹಲಸು ತಿಂದು, ಕಾಯಿ ಕಟ್ಟಿದ ಕಾಫಿ ಗಿಡಗಳನ್ನು ಮುರಿದು ಹೋಗಿತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೂತಲ್ಲಿಂದಲೇ, 'ಸಾರ್, ಇದನ್ನ ಆನೆಗೂ ಒಂದ್ಸಲ ಹೇಳ್ಬಿಡಿ' ಅಂದರು. ಆ ಭಾಷಣದಲ್ಲಿ ಸುಳ್ಳೇನೂ ಇರಲಿಲ್ಲ. ಹೇಳಿದವರು ರಾತ್ರಿ ಪಟಾಕಿ ಹಿಡಿದು ತೋಟದಲ್ಲಿ ನಿಂತವರಲ್ಲ, ಅಷ್ಟೇ. ಅದು ಕೇಳುವವರಿಗೆ ಹೇಗೋ ಗೊತ್ತಾಗಿಬಿಡುತ್ತದೆ, ಅಲ್ವಾ?

ಇನ್ನು ಬರಹದ ವಿಷಯ. ಕನ್ನಡ ವಿಮರ್ಶಕರ ಬಳಿ ಇದಕ್ಕೊಂದು ಹಳೆಯ ಪದ ಇದೆ: ವಾಚ್ಯ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿ ಸಿದ್ಧಾಂತ ಹೇಳಿದಾಗ, ಪದಗಳು ನೇರವಾಗಿ ಹೇಳುವ ಅರ್ಥ ವಾಚ್ಯ, ಅವು ಸೂಚಿಸುವ ಅರ್ಥ ಧ್ವನಿ ಅಂತ ಬೇರೆ ಮಾಡಿದ. ಅಲ್ಲಿ ವಾಚ್ಯ ಒಂದು ದೋಷವೇನಲ್ಲ. ಇವತ್ತು ಮಾತ್ರ 'ಕಥೆ ವಾಚ್ಯವಾಯಿತು' ಅಂದರೆ ದೂರು. ಓದುಗರಿಗೆ ಬಿಡಬೇಕಾದ್ದನ್ನು ಲೇಖಕರೇ ಬಾಯಿಬಿಟ್ಟು ಹೇಳಿದರು ಅಂತ. 11ನೇ ಶತಮಾನದ ಕಾವ್ಯಶಾಸ್ತ್ರಕಾರ ಮಮ್ಮಟ ಇನ್ನೂ ಸೊಗಸಾಗಿ ಹೇಳಿದ್ದಾನೆ. ವೇದ ಒಡೆಯನ ಹಾಗೆ ಆಜ್ಞೆ ಮಾಡುತ್ತದೆ, ಪುರಾಣ ಗೆಳೆಯನ ಹಾಗೆ ಹೇಳುತ್ತದೆ, ಕಾವ್ಯ ಪ್ರಿಯೆಯ ಹಾಗೆ ಒಲಿಸಿ ತಿಳಿಸುತ್ತದೆ. ಅಂದರೆ ಕಾವ್ಯ ಉಪದೇಶ ಕೊಡಬಾರದು ಅಂತ ಅವನೂ ಹೇಳಲಿಲ್ಲ. ನೀವು ಓದುತ್ತಿರುವ ಲೇಖಕರು ಬಹುಶಃ ಒಡೆಯನ ದನಿಯಲ್ಲೇ ಪೂರ್ತಿ ಪುಸ್ತಕ ಬರೆದಿದ್ದಾರೆ.

ಇಂಥ ಬರಹ ಹಿಡಿಯಲು ನನ್ನದೊಂದು ಸುಲಭದ ದಾರಿ ಇದೆ. ಊರಿನ ಸ್ಮರಣ ಸಂಚಿಕೆಗಳ ಕರಡು ತಿದ್ದಲು ನನ್ನ ಹತ್ತಿರ ಬರುತ್ತವೆ. ಒಂದು ಕಥೆಯಲ್ಲಿ ಹುಡುಗ ಹೊಳೆಗೆ ಪ್ಲಾಸ್ಟಿಕ್ ಬಾಟಲಿ ಎಸೆಯುತ್ತಾನೆ. ಮಳೆಗಾಲದಲ್ಲಿ ಅದೇ ಬಾಟಲಿ ತೇಲಿ ಬಂದು ಅವನ ಮನೆ ಗದ್ದೆಯ ಏರಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಕಥೆ ಮುಗಿದಿದೆ. ಕೆಳಗೆ ಇನ್ನೊಂದು ಸಾಲು: 'ಆದ್ದರಿಂದ ನಾವೆಲ್ಲರೂ ಪರಿಸರವನ್ನು ಉಳಿಸಬೇಕು.' ಆ 'ಆದ್ದರಿಂದ', ಆ 'ಬೇಕು', 'ನೀವು' ಅನ್ನಬೇಕಾದ ಕಡೆ ಬರುವ ಆ 'ನಾವೆಲ್ಲರೂ'. ಮೂರೂ ಒಂದೇ ಸಾಲಿನಲ್ಲಿ ಸಿಕ್ಕರೆ ನಾನು ಸುಮ್ನೆ ಗೀಟು ಹಾಕುತ್ತೇನೆ.

ಹೋಲಿಕೆಗೆ ಬೇಕಾದರೆ ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ಓದಿ. 1939ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 27 ವರ್ಷ. ಅವರ ಕಥೆಗಳಲ್ಲಿ ಬರುವ ವಿಧವೆಯರ ಪಾಡು, ವರದಕ್ಷಿಣೆ ಎಲ್ಲವೂ ಉಪದೇಶಕ್ಕೆ ಹೇಳಿ ಮಾಡಿಸಿದ ವಿಷಯಗಳು. ಎಲ್ಲೋ ಒಂದೆರಡು ಕಡೆ ದನಿ ಏರಬಹುದು. ಉಳಿದಂತೆ ಒಬ್ಬ ಹೆಂಗಸಿಗೆ ಏನಾಯಿತು ಅಂತ ಹೇಳಿ ನಿಲ್ಲಿಸುತ್ತಾರೆ.

ನಿಮ್ಮ ವಿಮರ್ಶೆಗೆ 'ಕಥೆಗಳು ಕೊನೆಗೆ ವಾಚ್ಯವಾಗುತ್ತವೆ' ಅಂದರೆ ಸಾಕು. ಇನ್ನೂ ಖಾರ ಬೇಕಿದ್ದರೆ 'ನೀತಿಪಾಠವಾಗುತ್ತವೆ'. ಲೇಖಕರು ಪರಿಚಯದವರಾದರೆ 'ಬೋಧಪ್ರದವಾಗಿವೆ' ಅಂತ ಹಾಕಿ. ಅವರು ಅದನ್ನು ಹೊಗಳಿಕೆ ಅಂತಲೇ ತಗೊಳ್ಳುತ್ತಾರೆ.